ಮೇಷ್ಟ್ರನ್ನು ಕೇಳಿ: ತೇಲುವ ಹಣ್ಣು, ಮುಳುಗುವ ಮೆಣಸು

ಪ್ರಶ್ನೆ: ಮೇಷ್ಟ್ರೇ, ನಮ್ಮ ತೋಟದಲ್ಲಿ ಪಲ್ಪರಿಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹಾಕುವ ಮೊದಲು ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಸುರಿಯುತ್ತಾರೆ. ತೇಲಿದ್ದನ್ನು ಬಾಚಿ ತೆಗೆದು ಬೇರೆ ಒಣಗಿಸುತ್ತಾರೆ. ತೇಲಿದ ಹತ್ತು ದಪ್ಪ ಹಣ್ಣನ್ನೂ ಮುಳುಗಿದ ಹತ್ತು ಸಣ್ಣ ಹಣ್ಣನ್ನೂ ತೂಗಿ ನೋಡಿದೆ. ತೇಲಿದ್ದೇ ಜಾಸ್ತಿ ತೂಕ! ಭಾರ ಇದ್ದದ್ದು ಮುಳುಗಬೇಕು ಅಲ್ವಾ?
ಹತ್ತನೇ ತರಗತಿ ವಿದ್ಯಾರ್ಥಿನಿ, ಮಾದಾಪುರ

ತೂಗಿ ನೋಡಿ ಕೇಳಿದೆಯಲ್ಲ ಮಗಳೇ, ಅಷ್ಟಕ್ಕೇ ನಿನಗೆ ಅರ್ಧ ಮಾರ್ಕು. ನಾನಂತೂ ತೂಗದೆ ಹೇಳಿ ಸಿಕ್ಕಿಬಿದ್ದವನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕ್ಲಾಸಿನಲ್ಲಿ, "ಭಾರದ ವಸ್ತು ಮುಳುಗುತ್ತದೆ, ಹಗುರದ್ದು ತೇಲುತ್ತದೆ" ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸಾರ್, ಹೊಳೆಯಲ್ಲಿ ದೊಡ್ಡ ದಿಮ್ಮಿ ತೇಲಿಕೊಂಡು ಬರುತ್ತೆ. ನನ್ನ ಜೇಬಿನ ಗೋಲಿ ಮುಳುಗುತ್ತೆ. ಯಾವುದು ಭಾರ?" ಕ್ಲಾಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನೀರು ನಿನ್ನ ಹಣ್ಣಿನ ತೂಕವನ್ನಷ್ಟೇ ನೋಡುವುದಿಲ್ಲ. ಅದು ಎಷ್ಟು ಜಾಗ ಹಿಡಿಯಿತು ಎಂದೂ ನೋಡುತ್ತದೆ. ಹಣ್ಣು ಪೂರ್ತಿ ಮುಳುಗಿದಾಗ ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ಸರಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಲ್ಲಿ ನೀರು ಹಣ್ಣನ್ನು ಮೇಲಕ್ಕೆ ತಳ್ಳುತ್ತದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಹಣ್ಣಿನ ತೂಕ ಆ ತಳ್ಳುವ ಬಲಕ್ಕಿಂತ ಜಾಸ್ತಿಯಾದರೆ ಮುಳುಗಿತು, ಕಮ್ಮಿಯಾದರೆ ತೇಲಿತು.

ಲೆಕ್ಕ ಹಾಕೋಣ. ಮುಳುಗಿದ ನೂರು ಹಣ್ಣು 150 ಗ್ರಾಂ ತೂಗಿತು, ಜಗ್ಗಿನಲ್ಲಿ ನೀರನ್ನು 140 ಮಿಲಿಲೀಟರ್ ಏರಿಸಿತು ಎಂದುಕೊ. 150ನ್ನು 140ರಿಂದ ಭಾಗಿಸಿದರೆ 1.07. ತೇಲಿದ ನೂರು ದಪ್ಪ ಹಣ್ಣು 160 ಗ್ರಾಂ ಇರಲಿ, ಆದರೆ ಒತ್ತಿ ಮುಳುಗಿಸಿದಾಗ 170 ಮಿಲಿಲೀಟರ್ ಏರಿಸಿತು. ಇದು 0.94. ನೀರಿನದು 1. ಈ ಅಂಕಿ ಉದಾಹರಣೆಗೆ ಕೊಟ್ಟದ್ದು, ನಿನ್ನ ತೊಟ್ಟಿಯ ಅಂಕಿಯನ್ನು ನೀನೇ ತೆಗೆ. ಇದಕ್ಕೇ ಸಾಂದ್ರತೆ ಅನ್ನುವುದು. ಪುಸ್ತಕದ ಮಾತಿಗೆ ಹೆದರಬೇಡ, "ಎಷ್ಟು ಜಾಗಕ್ಕೆ ಎಷ್ಟು ತೂಕ" ಎಂದು ಓದಿಕೊ.

ತೇಲಿದ ಹಣ್ಣಿನಲ್ಲಿ ಆ ಜಾಗ ತುಂಬಿದ್ದು ಏನು? ಒಂದನ್ನು ಸೀಳಿ ನೋಡು. ಎರಡು ಬೀಜದಲ್ಲಿ ಒಂದು ಜೊಳ್ಳಾಗಿರಬಹುದು, ಕಾಯಿಕೊರಕ ಹುಳು ಒಳಗೆ ಸುರಂಗ ಕೊರೆದಿರಬಹುದು, ಗಿಡದಲ್ಲೇ ಒಣಗಿ ಸುಕ್ಕಾಗಿರಬಹುದು. ಎಲ್ಲದರಲ್ಲೂ ಒಳಗೆ ಕೂತದ್ದು ಗಾಳಿ. ಒಂದು ಲೀಟರ್ ನೀರು 1000 ಗ್ರಾಂ ತೂಗಿದರೆ ಒಂದು ಲೀಟರ್ ಗಾಳಿ ಒಂದು ಗ್ರಾಮಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೊಟ್ಟಿಯಲ್ಲಿ ಬಾಚುವವರು ಸಾಂದ್ರತೆ ಎಂಬ ಪದ ಕೇಳಿರಲಿಕ್ಕಿಲ್ಲ. ಆದರೆ ದಿನವಿಡೀ ಅವರು ಮಾಡುವುದು ಸಾಂದ್ರತೆಯ ಪ್ರಯೋಗವೇ.

ಮನೆಯಲ್ಲಿ ಕೊಡಗಿನ ಕಿತ್ತಳೆ ಇದ್ದರೆ ಇನ್ನೊಂದು ಮಾಡು. ಇಡೀ ಹಣ್ಣನ್ನು ಬಕೆಟ್ಟಿಗೆ ಹಾಕು, ತೇಲುತ್ತದೆ. ಸಿಪ್ಪೆ ಸುಲಿದು ತೊಳೆ ಬಿಡಿಸಿ ಹಾಕು, ಸಾಮಾನ್ಯವಾಗಿ ಮುಳುಗುತ್ತದೆ. ತೂಕ ಕಮ್ಮಿಯಾದ ಮೇಲೆ ಮುಳುಗಿತು! ಸಡಿಲ ಸಿಪ್ಪೆಯಲ್ಲೂ ಅದರ ಕೆಳಗೂ ಇದ್ದ ಗಾಳಿ ಹೋಯಿತಲ್ಲ, ಅದಕ್ಕೆ.

ಪ್ರಶ್ನೆ: ಸರ್, ಕರಿಮೆಣಸು ಮಾರಲು ಹೋದರೆ ಲೀಟರ್ ವೆಯ್ಟ್ 500 ಗ್ರಾಂ ಮಾತ್ರ ಎಂದು ರೇಟು ಇಳಿಸಿದರು, 550 ಬೇಕಂತೆ. ಲೀಟರಿಗೆ 500 ಗ್ರಾಂ ಅಂದರೆ ನೀರಿನ ಅರ್ಧ. ಆದರೆ ನನ್ನ ಮೆಣಸು ನೀರಲ್ಲಿ ಮುಳುಗುತ್ತದೆ. ಅವರ ಅಳತೆ ಸುಳ್ಳಲ್ಲವೇ?
ಬೆಳೆಗಾರರು, ಸಿದ್ದಾಪುರ

ಅಳತೆ ಸುಳ್ಳಲ್ಲ, ಅವರು ಅಳೆದದ್ದು ಬೇರೆ. ಲೀಟರ್ ಪಾತ್ರೆ ತುಂಬಾ ಮೆಣಸು ಸುರಿದಾಗ ಕಾಳಿನ ನಡುವಿನ ಸಂದು, ಸಿಪ್ಪೆಯ ಸುಕ್ಕು, ಎಲ್ಲಾ ಕಡೆ ಗಾಳಿ ಇರುತ್ತದೆ. 500 ಗ್ರಾಂ ಎಂಬುದು ಕಾಳು ಮತ್ತು ಗಾಳಿ ಸೇರಿದ ಲೀಟರಿನ ತೂಕ. ನೀರಿಗೆ ಹಾಕಿದಾಗ ಆ ಸಂದಿಗೆ ನೀರು ನುಗ್ಗುತ್ತದೆ, ಲೆಕ್ಕಕ್ಕೆ ಬರುವುದು ಬರೀ ಕಾಳು. ಎರಡೂ ನಿಜ.

ಆದರೂ ಅನುಮಾನಕ್ಕೆ ಜಾಗ ಇದೆ. ಪಾತ್ರೆಯನ್ನು ಕುಟ್ಟಿ ಕುಟ್ಟಿ ತುಂಬಿದರೆ ಕಾಳು ಒತ್ತಾಗಿ ಕೂತು ತೂಕ ಏರುತ್ತದೆ, ಮೆಲ್ಲಗೆ ಸುರಿದರೆ ಇಳಿಯುತ್ತದೆ. ಹಾಗಾಗಿ ಎಲ್ಲರ ಮೆಣಸನ್ನೂ ಒಂದೇ ರೀತಿ ತುಂಬುತ್ತಾರಾ ಎಂದು ಪಕ್ಕದಲ್ಲಿ ನಿಂತು ನೋಡಿ. ಮನೆಯಲ್ಲೂ ಒಮ್ಮೆ ಅಳೆದುಕೊಂಡು ಹೋಗಿ. ಜೊಳ್ಳು ಕಾಳು ಜಾಸ್ತಿ ಇದ್ದರಂತೂ ತೂರಿ ತೆಗೆಯದೆ 550 ಬರುವುದಿಲ್ಲ.

ಪ್ರಶ್ನೆ: ಸಂಪಾಜೆ ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಮ್ಮನ್ನು ಹೊರಗೆ ತಳ್ಳುವುದು ಯಾರು?
ಸುಳ್ಯಕ್ಕೆ ದಿನಾ ಓಡಾಡುವವರು, ಮಡಿಕೇರಿ

ಯಾರೂ ಇಲ್ಲ. ನಿಮ್ಮ ದೇಹ ನೇರ ಹೋಗುತ್ತಿತ್ತು, ಬಸ್ಸು ತಿರುಗಿತು. ಬಸ್ಸಿನ ಗೋಡೆಯೇ ಬಂದು ನಿಮ್ಮನ್ನು ಒಳಕ್ಕೆ ತಳ್ಳುತ್ತದೆ. ಬಸ್ಸನ್ನು ತಿರುಗಿಸುವುದು ಟೈರಿಗೂ ರಸ್ತೆಗೂ ಇರುವ ಘರ್ಷಣೆ. ಅದೇ ತಿರುವನ್ನು 20 ಕಿಲೋಮೀಟರ್ ವೇಗದ ಬದಲು 40ರಲ್ಲಿ ತಿರುಗಿಸಿದರೆ ಘರ್ಷಣೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು. ಒದ್ದೆ ರಸ್ತೆಯಲ್ಲಿ ಅಷ್ಟು ಸಿಗುವುದು ಕಷ್ಟ. ಇದನ್ನು ಡ್ರೈವರಿಗೂ ಓದಿ ಹೇಳಿ.

ಪ್ರಶ್ನೆ: ಕಕ್ಕಡ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ) ಮಳೆ ಅಷ್ಟು ಎತ್ತರದಿಂದ ಬಿದ್ದರೂ ಕೊಡೆ ತೂತಾಗುವುದಿಲ್ಲ, ಯಾಕೆ?
ಅಜ್ಜಿಯೊಬ್ಬರು, ಭಾಗಮಂಡಲ

ಗಾಳಿ ಇಲ್ಲದಿದ್ದರೆ ಆಗುತ್ತಿತ್ತೇನೋ ಅಜ್ಜಿ. ಒಂದು ಕಿಲೋಮೀಟರ್ ಮೇಲಿಂದ ಬಿದ್ದ ಹನಿ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ನಿಮ್ಮ ಕೊಡೆಗೆ ಬಡಿಯುತ್ತಿತ್ತು. ಆದರೆ ಹನಿ ಜೋರಾದಷ್ಟೂ ಗಾಳಿಯ ತಡೆಯೂ ಜೋರಾಗುತ್ತದೆ. ತಡೆ ಹನಿಯ ತೂಕಕ್ಕೆ ಸಮ ಆದ ಮೇಲೆ ವೇಗ ಏರುವುದಿಲ್ಲ. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ, ಅಂದರೆ ಸೈಕಲ್ ಇಳಿಜಾರಿನಲ್ಲಿ ಓಡುವಷ್ಟು. ಅರ್ಧ ಮಿಲಿಮೀಟರಿನ ತುಂತುರು ಹನಿ ಸೆಕೆಂಡಿಗೆ ಬರೀ 2 ಮೀಟರ್. ಅಷ್ಟು ನಿಧಾನ ಇಳಿಯುವುದನ್ನು ಗಾಳಿ ಅಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ. ಕೊಡೆ ಹಿಡಿದರೂ ಸೀರೆ ನೆನೆಯುವುದು ಅದರಿಂದಲೇ.