ಸಣ್ಣ ಮಣ್ಣು ಪರೀಕ್ಷೆ ಲ್ಯಾಬಿಗೆ ಸ್ಟಿಲ್ ತಗೋಬೇಕಾ, ಮನೆ ಆರ್‌ಓ ನೀರು ನಡೀತೈತಾ?

ಸಿಂಧನೂರಾಗ ಸಣ್ಣದೊಂದು ಮಣ್ಣು ಪರೀಕ್ಷೆ ಲ್ಯಾಬ್ ಹಾಕಾಕತ್ತೀನಿ, ದಿನಕ್ಕ 10 ಲೀಟರ್ ಶುದ್ಧ ನೀರು ಬೇಕು, ಡಿಸ್ಟಿಲ್ಡ್ ವಾಟರ್ ಮಾಡೋ ಸ್ಟಿಲ್ ತಗೊಳ್ಳಲೋ ಮನೆಗೆ ಹಾಕ್ಸೋ ಆರ್‌ಓನ ಸಾಕೋ ಅಂತ ಕೇಳೀರಿ. ಸ್ಟಿಲ್ ಬ್ಯಾಡ್ರಿ. ಆರ್‌ಓ ಬೇಕು, ಆದ್ರ ಅದೊಂದ ಸಾಲಂಗಿಲ್ಲ. ನಾನು ಗಂಗಾವತಿಯಾಗ ಇದ ಕೆಲಸ ಮಾಡ್ಕೊಂಡು ಅದೀನಿ, ಎರಡೂ ತಪ್ಪು ಮಾಡಿ ರೊಕ್ಕ ಕಳ್ಕೊಂಡ ಮ್ಯಾಲ ಹೇಳಾಕತ್ತೀನಿ.

ಮೊದಲು ಸ್ಟಿಲ್ ಕಥಿ ಕೇಳ್ರಿ. ಒಂದು ಲೀಟರ್ ನೀರು ಕುದಿಸಿ ಆವಿ ಮಾಡಾಕ ಹೆಚ್ಚುಕಮ್ಮಿ ಮುಕ್ಕಾಲು ಯೂನಿಟ್ ಕರೆಂಟ್ ಬೇಕು, 10 ಲೀಟರಿಗೆ ಏಳೆಂಟು ಯೂನಿಟ್ ಆತು. ಅದೂ ಹೋಗ್ಲಿ ಅಂದ್ರ ಆವಿ ತಣ್ಣಗ ಮಾಡಾಕ ಒಂದು ಲೀಟರಿಗೆ 10-15 ಲೀಟರ್ ನೀರು ಕಂಡೆನ್ಸರಿನಾಗ ಹರೀತಾ ಇರಬೇಕು, ನಮ್ಮ ಕಡಿ ಏಪ್ರಿಲ್-ಮೇದಾಗ ಮಾಳಿಗಿ ಮ್ಯಾಲಿನ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಾಕ ಆಗಂಗಿಲ್ಲ, ಅಂಥಾ ನೀರು ಹಾಕಿದ್ರ ಆವಿ ತಣ್ಣಗ ಆಗೋದು ಎಲ್ಲಿಂದ, ಪೈಪಿನಾಗಿಂದ ಹೊಗಿ ಬಂದಂಗ ಆವಿನ ಹೊರಗ ಬರ್ತಿತ್ತು. ಮತ್ತ ನಮ್ಮ ಬೋರಿನ ನೀರು ಗಡಸು, ಹೀಟರ್ ಕಾಯಿಲ್ ಮ್ಯಾಲ ಎರಡು ವಾರದಾಗ ಸುಣ್ಣದ ಪೊರೆ ಕಟ್ಟಿ ಬಿಳೇ ಕಲ್ಲಾಗಿತ್ತು, ಸಿಟ್ರಿಕ್ ಆಸಿಡ್ ಹಾಕಿ ತೊಳಿಯೋದ ಒಂದು ಡ್ಯೂಟಿ ಆತು, ಕಡೀಕ ಒಂದಿನ ಕಾಯಿಲ್ಲೇ ಸುಟ್ಟು ಹೋತು. ಈಗ ಅದು ಮೂಲ್ಯಾಗ ಕುಂತೈತಿ.

ಆಮ್ಯಾಲ ಮನೆಗೆ ಹಾಕೋ ಆರ್‌ಓ ತಂದೆ. ಇಲ್ಲಿ ಆದ ಅನಾಹುತ ಹೇಳ್ತೀನಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಮನೆ ಆರ್‌ಓದಾಗ ಟಿಡಿಎಸ್ (ನೀರಿನಾಗ ಕರಗಿದ ಉಪ್ಪಿನ ಲೆಕ್ಕ) ಕಂಟ್ರೋಲರ್ ಅಂತ ಒಂದು ಸಣ್ಣ ಸ್ಕ್ರೂ ಇರ್ತೈತಿ, ಕುಡಿಯಾಕ ರುಚಿ ಬರ್ಲಿ ಅಂತ ಮೆಂಬ್ರೇನ್ (ಉಪ್ಪು ತಡಿಯೋ ಪರದೆ) ದಾಟದ ನೀರನ್ನ ಸ್ವಲ್ಪ ವಾಪಸ್ ಬೆರೆಸ್ತೈತಿ. ಫಿಟ್ಟಿಂಗ್ ಮಾಡಾಕ ಬಂದ ಹುಡುಗ ಅದನ್ನ ತೆರೆದು ಹೋಗಿದ್ದ. ನಾನು ಬ್ಲ್ಯಾಂಕ್ (ಮಣ್ಣು ಹಾಕದ ಬರೇ ನೀರಿನ ಪರೀಕ್ಷೆ) ಓಡಿಸ್ಲಿಲ್ಲ, ಅದು ನನ್ನ ಸೋಮಾರಿತನ. ಒಂದು ಭಾಗ ಮಣ್ಣಿಗೆ ಎರಡು ಭಾಗ ನೀರು ಹಾಕಿ ಇಸಿ (ಕರೆಂಟ್ ಹರಿಯೋ ಅಳತಿ, ಉಪ್ಪು ಹೆಚ್ಚಿದ್ರ ಇದೂ ಹೆಚ್ಚು) ನೋಡೋದು ನಿಮಗೂ ಗೊತ್ತೈತಿ, ನೀರಿನಾಗ ಇದ್ದ ಉಪ್ಪೆಲ್ಲ ಮಣ್ಣಿನ ಲೆಕ್ಕಕ್ಕ ಬಂತು, 0.2 ಬರಬೇಕಾದ ಹೊಲಕ್ಕ 0.4 ಬಂತು. ಕಾರಟಗಿ ಕಡಿಯ ಒಬ್ಬ ಯಜಮಾನರು "ತಮ್ಮಾ, ಹೋದ ವರ್ಷಕ್ಕಿಂತ ನನ್ನ ಹೊಲ ಡಬಲ್ ಸವಳಾತೇನು" ಅಂತ ಕೇಳಿದಾಗ ನನಗ ಬೆವರು ಬಂತ್ರಿ. ಆ ಸ್ಕ್ರೂ ಪೂರ್ತಿ ಮುಚ್ಚಿಸ್ರಿ, ಮಿನರಲ್ ಕಾರ್ಟ್ರಿಜ್ ಇದ್ರ ಕಿತ್ತು ಹಾಕ್ಸ್ರಿ. ಯುವಿ ಇದ್ರೂ ಇಲ್ಲದಿದ್ರೂ ನಮಗೇನಿಲ್ಲ, ಅದು ಉಪ್ಪು ತಗಿಯಂಗಿಲ್ಲ.

ಈಗ ನಾನು ಮಾಡೋದು ಇಷ್ಟ. ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಆರ್‌ಓ, ಅದಾದ ಮ್ಯಾಲ ಮಿಕ್ಸ್‌ಡ್ ಬೆಡ್ ರೆಸಿನ್ (ಉಳಿದ ಉಪ್ಪು ಹಿಡ್ಕೊಳ್ಳೋ ಸಣ್ಣ ಕಾಳು) ತುಂಬಿದ ಒಂದು ಕಾಲಮ್. ಕಾರ್ಬನ್ ಬಿಡಬ್ಯಾಡ್ರಿ, ನಳದ ನೀರಿನ ಕ್ಲೋರಿನ್ ಮೆಂಬ್ರೇನ್ ತಿಂದು ಹಾಕ್ತೈತಿ. ನೇರ ರೆಸಿನ್ನಿಗೇ ಬೋರ್ ನೀರು ಬಿಟ್ರ ಆಗಲ್ಲೇನು ಅಂತ ಕೇಳ್ತಾರ. ಆಗ್ತೈತಿ, ಆದ್ರ 900 ಟಿಡಿಎಸ್ ನೀರಿಗೆ ಒಂದು ಲೀಟರ್ ರೆಸಿನ್ 25-30 ಲೀಟರಿಗೇ ಸೋತು ಹೋಗ್ತೈತಿ, ಅದ ನೀರು ಆರ್‌ಓ ದಾಟಿ 30ಕ್ಕ ಇಳಿದು ಬಂದ್ರ ಏಳೆಂಟು ನೂರು ಲೀಟರ್ ಬರಬಹುದು. ಇಷ್ಟಕ್ಕೇ ಆರ್‌ಓ ಬೇಕು ಅನ್ನೋದು.

ಎಲ್ಲಕ್ಕಿಂತ ಮೊದಲು ಒಂದು ಛಲೋ ಕಂಡಕ್ಟಿವಿಟಿ ಮೀಟರ್ (ಇಸಿ ನೋಡೋ ಮೀಟರ್) ತಗೊಳ್ರಿ. ಐಎಸ್ 1070 (ಲ್ಯಾಬ್ ನೀರಿನ ಭಾರತೀಯ ಮಾನಕ) ಪ್ರಕಾರ ಗ್ರೇಡ್ 3 ನೀರು ಅಂದ್ರ 25 ಡಿಗ್ರಿಯಾಗ ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ಒಳಗ ಇರಬೇಕು, ನಮ್ಮ ಕೆಲಸಕ್ಕ ಅಷ್ಟು ಸಾಕು. ಪೇಟ್ಯಾಗ ಸಿಗೋ ಪೆನ್ನಿನಂಥ ಟಿಡಿಎಸ್ ಮೀಟರ್ ಬೋರ್ ನೀರಿಗೆ ನಡೀತೈತಿ, ಇಂಥ ಶುದ್ಧ ನೀರಿಗೆ 0 ತೋರಿಸಿ ಸುಮ್ಮನಾಗ್ತೈತಿ, ನಂಬಬ್ಯಾಡ್ರಿ. ಬ್ಯಾಟರಿ ನೀರಿನ ಕ್ಯಾನ್ ತಂದ್ರೂ ಮೀಟರ್ ಹಾಕೇ ನೋಡ್ರಿ. ಮೀಟರ್ ಕೆಟ್ಟ ದಿನ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟು ನೋಡ್ರಿ, ಹಾಲಿನಂಗ ಮಬ್ಬಾದ್ರ ಕ್ಲೋರೈಡ್ ಇನ್ನೂ ಐತಿ ಅಂತ ಅರ್ಥ.

ಈ ಶುದ್ಧ ನೀರಿನ ಪಿಎಚ್ 5.6 ಬಂತು, ಹುಳಿ ಕಡಿ ಐತಿ ಅಂತ ಗಾಬರಿ ಆಗಬ್ಯಾಡ್ರಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಹಂಗಾಗ್ತೈತಿ, ನಾನು ಅದಕ್ಕಂತ ಛಲೋ ಇದ್ದ ರೆಸಿನ್ ಚೆಲ್ಲಿ ಹೊಸಾದು ತುಂಬಿದ್ದೆ. ನೀರು ಬಹಳ ದಿನ ಕೂಡಿ ಇಡಬ್ಯಾಡ್ರಿ, ಪಾಚಿ ಕಟ್ತೈತಿ, ಬೆಳಿಗ್ಗೆ ಕಾಲಮ್ಮಿನ ಮೊದಲ ಅರ್ಧ ಲೀಟರ್ ಚೆಲ್ರಿ.

ಇನ್ನೊಂದು, ಆರ್‌ಓ ಹೊರಗ ಬಿಡೋ ನೀರನ್ನ ಗಿಡಕ್ಕ ಹಾಕಬ್ಯಾಡ್ರಿ, ನೆಲ ಒರಸಾಕ ಬಳಸ್ರಿ. ನಮ್ಮ ಕರಿಬೇವಿನ ಗಿಡ ಅದ ನೀರಿಗೆ ಒಣಗಿ ಹೋತು, ಊರ ಮಂದಿ ಹೊಲದ ಸವಳು ಹಿಡಿಯೋನ ಮನೆ ಮುಂದನ ಸವಳು ಅಂತ ಓಣಿ ತುಂಬ ನಕ್ಕರು. ಕಾಲುವೆ ಬಿಟ್ಟಾಗ ಒಂದು ಸಲ, ಬಂದ್ ಆಗಿ ಬೋರಿಗೆ ಬಂದಾಗ ಒಂದು ಸಲ ನಿಮ್ಮ ನೀರಿನ ಟಿಡಿಎಸ್ ನೋಡಿ ಇಲ್ಲೇ ಹಾಕ್ರಿ, 2000 ದಾಟಿದ್ರ ಮನೆ ಆರ್‌ಓ ತಡಿಯಂಗಿಲ್ಲ, ಆಗ ಬ್ಯಾರೆ ವಿಚಾರ ಮಾಡಬೇಕಾಗ್ತೈತಿ.