ಓದುಗರ ಪ್ರಶ್ನೆ: ಕವಿತೆ, ಕ್ಯಾಮೆರಾ ಮತ್ತು ನನ್ನ ಮೈ

ಪ್ರಶ್ನೆ: ನಾನು ಚಿತ್ರಕಲಾವಿದೆ. ಈಚೆಗೆ ಕವಿತೆಗಳನ್ನು ಓದಿ, ನನ್ನದೇ ಮೈಯನ್ನು ಇಟ್ಟುಕೊಂಡು ಫೋಟೋ ತೆಗೆಯುತ್ತಿದ್ದೇನೆ. ಕವಿತೆಯಲ್ಲಿ ನದಿ ಬಂದರೆ ನೀರಲ್ಲಿ ನಿಲ್ಲುತ್ತೇನೆ, ಹಕ್ಕಿ ಬಂದರೆ ಕೈ ಚಾಚುತ್ತೇನೆ. ನೋಡಿದವರು ಕವಿತೆಗೆ ಚೆನ್ನಾಗಿ ಹೊಂದುತ್ತದೆ ಅಂತಾರೆ. ನನಗೇ ಯಾಕೋ ಸಮಾಧಾನವಿಲ್ಲ.

ಉತ್ತರ: ಹೊಂದುತ್ತಿರುವುದೇ ತೊಂದರೆ. ಕವಿತೆ ಹೇಳಿ ಮುಗಿಸಿದ್ದನ್ನೇ ಫೋಟೋ ಇನ್ನೊಮ್ಮೆ ಹೇಳುತ್ತಿದೆ, ಅಲ್ವಾ? ನದಿಯನ್ನು ಬಿಡಿ. ಆ ಸಾಲು ಓದುವಾಗ ನಿಮ್ಮ ಮೈಗೆ ಏನಾಗುತ್ತದೆ ನೋಡಿಕೊಳ್ಳಿ. ಗಂಟಲು ಬಿಗಿಯುತ್ತದಾ, ಕಾಲ್ಬೆರಳು ಮಡಚಿಕೊಳ್ಳುತ್ತವಾ? ಫೋಟೋ ಅಲ್ಲಿಂದ ಶುರುವಾಗಲಿ.

ಇರಾನಿನಲ್ಲಿ ಹುಟ್ಟಿದ ಕಲಾವಿದೆ ಶಿರಿನ್ ನೆಶಾತ್ ಅವರ 'ವಿಮೆನ್ ಆಫ್ ಅಲ್ಲಾ' ಸರಣಿ ನೋಡಿ. 1993ರಿಂದ 1997ರವರೆಗೆ ಮಾಡಿದ್ದು. ಹೆಣ್ಣಿನ ಮುಖ, ಕೈ, ಪಾದಗಳ ಕಪ್ಪು-ಬಿಳುಪು ಪ್ರಿಂಟ್, ಅದರ ಮೇಲೆ ಶಾಯಿಯಲ್ಲಿ ಪಾರಸಿ ಬರಹ. ಒಂದರಲ್ಲಂತೂ ಬರೀ ಒಂದು ಕಣ್ಣು; ಅದರ ಬಿಳಿ ಭಾಗದ ತುಂಬ ಇರಾನಿನ ಕವಯಿತ್ರಿ ಫರೂಗ್ ಫರ್ರೊಖ್‌ಜಾದ್ ಅವರ ಕವಿತೆಯ ಸಾಲುಗಳು. ಆ ಕವಿತೆ ಇರುವುದು ಸಾಯುತ್ತಿರುವ ತೋಟದ ಬಗ್ಗೆ, ಆದರೆ ಚಿತ್ರದಲ್ಲಿ ಒಂದು ಎಲೆಯೂ ಇಲ್ಲ. ತೋಟಕ್ಕಾಗಿ ಮರುಗುವ ಕಣ್ಣು ಮಾತ್ರ ಇದೆ. ನನಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ತಮ್ಮದೇ ಮೈಯ ಫೋಟೋ ತೆಗೆದ ಅಮೆರಿಕದ ಫ್ರಾನ್ಸೆಸ್ಕಾ ವುಡ್‌ಮನ್ (1958–1981) ಅವರನ್ನೂ ನೋಡಲೇಬೇಕು. ಎಷ್ಟೋ ಚಿತ್ರಗಳಲ್ಲಿ ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ತೆರೆದಿರುವಾಗಲೇ ಆಕೆ ಅಲುಗಾಡುತ್ತಾರೆ, ಹಾಗಾಗಿ ಪಾಳು ಮನೆಯ ಗೋಡೆಯ ಬಿರುಕು ಸ್ಪಷ್ಟವಾಗಿ ಬರುತ್ತದೆ, ಮೈ ಮಾತ್ರ ಮಸುಕಾಗಿ ಕರಗಿಹೋಗುತ್ತದೆ. ನೀವೂ ಮಾಡಬಹುದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಶಟರ್ 1 ಸೆಕೆಂಡ್‌ಗೆ ಇಡಿ, ಟೈಮರ್ ಹಾಕಿ. ಪಾದ ಕದಲಿಸದೆ ಕತ್ತು ಮಾತ್ರ ಹೊರಳಿಸಿ. ಆಮೇಲೆ ಕತ್ತು ನೆಟ್ಟಗಿಟ್ಟು ಕೈ ಮಾತ್ರ. ಕವಿತೆಯಲ್ಲಿ ಯಾವುದು ನಿಂತಿದೆ, ಯಾವುದು ಜಾರುತ್ತಿದೆ ಅನ್ನುವುದನ್ನು ಹೀಗೆ ಮೈಯಲ್ಲೇ ಹುಡುಕಬಹುದು. ವೇಷ, ಸಾಮಾನು ಏನೂ ಬೇಡ.

ಪ್ರಶ್ನೆ: ಮುಖ ತೋರಿಸದಿದ್ದರೆ ಅದು ಸ್ವಂತ ಚಿತ್ರ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಫೋಟೋಗ್ರಾಫರ್ ಜಾನ್ ಕೋಪ್ಲನ್ಸ್ 1984ರಲ್ಲಿ, ಅರವತ್ತು ದಾಟಿದ ಮೇಲೆ, ತಮ್ಮ ಬೆತ್ತಲೆ ಮೈಯ ಸರಣಿ ಶುರುಮಾಡಿದರು. ಅದರಲ್ಲಿ ತಲೆಯೇ ಇಲ್ಲ. ಬೆನ್ನು, ಮುಷ್ಟಿ, ಪಾದ, ಸುಕ್ಕು, ರೋಮ, ಎಲ್ಲ ಇದ್ದ ಹಾಗೇ ಇವೆ. ಒಂದು ಮಾತು: ಮುಖವನ್ನು ಆಮೇಲೆ ಕತ್ತರಿಸಿ ತೆಗೆಯಬೇಡಿ. ಕ್ಲಿಕ್ ಮಾಡುವಾಗಲೇ ಫ್ರೇಮಿನ ಹೊರಗಿಡಿ. ಆಗ ಮುಖದ ಕೆಲಸವನ್ನು ಭುಜವೋ ಬೆನ್ನೋ ಮಾಡಬೇಕಾಗುತ್ತದೆ, ನೀವು ನಿಲ್ಲುವ ರೀತಿಯೇ ಬದಲಾಗುತ್ತದೆ.