ಸಿಗಡಿ ಟ್ಯಾಂಕಿನ ನೀರನ್ನು ಅಷ್ಟೊಂದು ಬದಲಿಸಬೇಡಿ

ಪ್ರಶ್ನೆ: 40 ಲೀಟರ್ ಟ್ಯಾಂಕಿನಲ್ಲಿ 15 ಕೆಂಪು ಚೆರ್ರಿ ಸಿಗಡಿ ಬಿಟ್ಟಿದ್ದೇನೆ. ಪ್ರತಿ ಭಾನುವಾರ ಅರ್ಧ ನೀರು ತೆಗೆದು ಹೊಸ ನೀರು ತುಂಬುತ್ತೇನೆ. ಸೋಮವಾರ, ಮಂಗಳವಾರ ಒಂದೋ ಎರಡೋ ಸತ್ತಿರುತ್ತವೆ. ಕೆಲವಕ್ಕೆ ಕತ್ತಿನ ಸುತ್ತ ಬಿಳಿ ಪಟ್ಟಿ ಕಾಣುತ್ತದೆ. ಯಾವ ಔಷಧಿ ಹಾಕಲಿ?
– ಓದುಗರು, ಬೆಂಗಳೂರು

ಉತ್ತರ: ಔಷಧಿ ಏನೂ ಹಾಕಬೇಡಿ. ಮೀನಿನ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಸಿಗಡಿಯನ್ನು ಕೊಲ್ಲಬಲ್ಲದು. ನೀವು ಹೇಳಿದ್ದನ್ನು ನೋಡಿದರೆ ಇದು ರೋಗವಲ್ಲ, ಚಿಪ್ಪು ಕಳಚುವಾಗಿನ ತೊಂದರೆ.

ಸಿಗಡಿಯ ಚಿಪ್ಪು ಬೆಳೆಯುವುದಿಲ್ಲ. ಮೈ ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ದೊಡ್ಡವು ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ ಕಳಚುತ್ತವೆ, ಮರಿಗಳು ಇನ್ನೂ ಬೇಗ. ಎಲ್ಲ ಸರಿಯಿದ್ದರೆ ಕತ್ತಿನ ಹಿಂದೆ, ಬೆನ್ನಿನ ಕಡೆ ಮಾತ್ರ ಚಿಪ್ಪು ಬಿರಿಯುತ್ತದೆ. ಸಿಗಡಿ ಮೈ ಮಡಚಿ ಒಮ್ಮೆ ಚಿಮ್ಮಿದರೆ ಆ ಸಂದಿಯಿಂದ ಹೊರಗೆ. ನಿಮ್ಮ ಸಿಗಡಿಗಳಲ್ಲಿ ಬಿರುಕು ಕತ್ತಿನ ಸುತ್ತಲೂ ಹಬ್ಬಿದೆ. ಅದೇ ಆ ಬಿಳಿ ಪಟ್ಟಿ. ಹಾಗಾದಾಗ ಹೆಚ್ಚಿನವು ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತವೆ.

ನನ್ನ ಅನುಮಾನ ನಿಮ್ಮ ಭಾನುವಾರದ ಕೆಲಸದ ಮೇಲೆ. ಒಮ್ಮೆಲೇ ಅರ್ಧ ನೀರು ಬದಲಾದರೆ ಸಿಗಡಿ ಮೈ ಸಿದ್ಧವಾಗುವ ಮೊದಲೇ ಚಿಪ್ಪು ಕಳಚಲು ಹೊರಡುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ಪಜೀತಿ ಇದೆ. ಸಂಪಿನಲ್ಲಿ ಒಂದು ವಾರ ಕಾವೇರಿ ನೀರು, ಇನ್ನೊಂದು ವಾರ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ನಮ್ಮ ಕಣ್ಣಿಗೆ ಎರಡೂ ಒಂದೇ, ಸಿಗಡಿಗೆ ಅಲ್ಲ. ನೀರಿನಲ್ಲಿ ಕರಗಿದ ಲವಣ, ಖನಿಜ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ತಂದು ಟ್ಯಾಂಕಿನ ನೀರು, ಹೊಸ ನೀರು ಎರಡನ್ನೂ ಅಳೆಯಿರಿ. ಚೆರ್ರಿ ಸಿಗಡಿಗೆ 150ರಿಂದ 250 ಚೆನ್ನ. ಸ್ವಲ್ಪ ಆಚೀಚೆ ಆದರೂ ಹೊಂದಿಕೊಳ್ಳುತ್ತವೆ, ದಿಢೀರ್ ಏರಿಳಿತಕ್ಕೆ ಹೊಂದಿಕೊಳ್ಳುವುದಿಲ್ಲ.

ಹಾಗಂತ ಬರೀ ಆರ್‌ಒ ನೀರು ತುಂಬಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಅವಿಲ್ಲದೆ ಹೊಸ ಚಿಪ್ಪು ಗಟ್ಟಿಯಾಗುವುದು ಹೇಗೆ? ಆರ್‌ಒ ನೀರಿಗೆ ಸಿಗಡಿಗಳಿಗೆಂದೇ ಸಿಗುವ ಖನಿಜದ ಪುಡಿ ಬೆರೆಸಿ. ಇಲ್ಲವೇ ಗಡಸು ಬೋರ್‌ವೆಲ್ ನೀರನ್ನೇ ಆರ್‌ಒ ನೀರಿನಿಂದ ತೆಳು ಮಾಡಿ. ಗಡಸುತನ ಅಳೆಯುವ ಕಿಟ್‌ನಲ್ಲಿ ಜಿಎಚ್ (ಒಟ್ಟು ಗಡಸುತನ) 6ರಿಂದ 8 ಬಂದರೆ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕುವುದನ್ನು ಮರೆಯಬೇಡಿ.

ಇನ್ನು ಮೇಲೆ ವಾರಕ್ಕೆ ಹತ್ತನೇ ಒಂದು ಪಾಲು ನೀರು ಮಾತ್ರ ಬದಲಿಸಿ. ಅದನ್ನೂ ಬಕೆಟ್ಟಿನಿಂದ ಸುರಿಯದೆ, ಏರ್ ಪಂಪಿನ ತೆಳು ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಬಿಡಿ. ಆವಿಯಾಗಿ ಕಡಿಮೆಯಾದಷ್ಟಕ್ಕೆ ಮಾತ್ರ ಬರೀ ಆರ್‌ಒ ನೀರು ತುಂಬಿಸಬಹುದು. ಏಕೆಂದರೆ ನೀರು ಆರುತ್ತದೆ, ಖನಿಜ ಅಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು. ತಳದಲ್ಲಿ ಬಿದ್ದದ್ದೆಲ್ಲ ಸತ್ತ ಸಿಗಡಿ ಅಲ್ಲ. ಗಾಜಿನ ಹಾಗೆ ಪಾರದರ್ಶಕವಾಗಿ, ಒಳಗೆ ಟೊಳ್ಳಾಗಿ, ಮೀಸೆ ಕಾಲುಗಳ ಸಮೇತ ಇದ್ದರೆ ಅದು ಬಿಟ್ಟುಹೋದ ಚಿಪ್ಪು. ಸತ್ತದ್ದಾದರೆ ಮೈ ಬಿಳಿಚಿಕೊಂಡು ಮಂಕಾಗಿರುತ್ತದೆ. ಅದನ್ನು ಕೂಡಲೇ ತೆಗೆಯಿರಿ, ಚಿಪ್ಪನ್ನು ಬಿಡಿ. ಸಿಗಡಿಗಳೇ ಅದನ್ನು ತಿಂದು ಮುಗಿಸುತ್ತವೆ.

ಪ್ರಶ್ನೆ: ಗಪ್ಪಿ ಮೀನುಗಳ ಜೊತೆ ಚೆರ್ರಿ ಸಿಗಡಿ ಸಾಕಿದ್ದೇನೆ. ಹೆಣ್ಣುಗಳ ಹೊಟ್ಟೆಯಡಿ ಮೊಟ್ಟೆ ಕಾಣುತ್ತದೆ, ಆಮೇಲೆ ಮರಿಗಳೇ ಇರುವುದಿಲ್ಲ. ಯಾಕೆ?
– ಓದುಗರು, ಮಂಗಳೂರು

ಉತ್ತರ: ಗಪ್ಪಿಗಳು ತಿನ್ನುತ್ತಿವೆ. ಹುಟ್ಟಿದ ಮರಿ ಬರೀ 2 ಮಿ.ಮೀ. ಉದ್ದ ಇರುತ್ತದೆ. ಗಪ್ಪಿಗೆ ಅದು ಒಂದು ತುತ್ತೂ ಅಲ್ಲ.

ಮರಿ ಬೇಕಾದರೆ ಸಿಗಡಿಗೇ ಬೇರೆ ಟ್ಯಾಂಕ್ ಇಡಿ. 20 ಲೀಟರಿನದಾದರೂ ನಡೆಯುತ್ತದೆ. ಮೋಟಾರ್ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ಸ್ಪಂಜ್ ಫಿಲ್ಟರ್ ಹಾಕಿ. ನೀರಿನಲ್ಲಿ ಬೆಳೆಯುವ ಪಾಚಿಯಂಥ ಗಿಡ ಜಾವಾ ಮಾಸ್ ಧಾರಾಳವಾಗಿರಲಿ. ಬೀದಿಯಲ್ಲಿ ಕೆಂಪಗಾಗಿ ಉದುರುವ ಬಾದಾಮಿ ಮರದ ಎಲೆ ಸಿಗುತ್ತದಲ್ವಾ, ಔಷಧಿ ಹೊಡೆಯದ ಮರದ್ದಾದರೆ ತೊಳೆದು, ಒಣಗಿಸಿ ಒಂದೆರಡು ಹಾಕಿ. ಎಲೆಯ ಮೇಲೆ, ಮಾಸಿನ ಮೇಲೆ ಬೆಳೆಯುವ ತೆಳು ಲೋಳೆಯ ಪದರವೇ ಮರಿಗಳ ಊಟ. ಹೊಸ ಟ್ಯಾಂಕಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ಫಿಲ್ಟರ್ ಓಡಿಸಿ ಒಂದೂವರೆ ತಿಂಗಳಾದರೂ ಕಾಯಿರಿ. ಕೊಳೆಯಿಂದ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಪರೀಕ್ಷೆಯ ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆಯೇ ಸಿಗಡಿ ಬಿಡಿ.

ಹೆಣ್ಣಿನ ತಲೆಯ ಹಿಂದೆ, ಬೆನ್ನ ಮೇಲೆ ಮೊದಲು ಹಳದಿ ಕಲೆಯೊಂದು ಮೂಡುತ್ತದೆ. ಅದು ಒಳಗೆ ಬೆಳೆಯುತ್ತಿರುವ ಮೊಟ್ಟೆ. ಆಕೆ ಚಿಪ್ಪು ಕಳಚಿದ ದಿನ ಗಂಡುಗಳು ನಿಂತಲ್ಲಿ ನಿಲ್ಲದೆ ಟ್ಯಾಂಕ್ ತುಂಬ ಓಡಾಡುತ್ತವೆ. ನೋಡಿ ಗಾಬರಿಯಾಗಬೇಡಿ, ಹೆಣ್ಣನ್ನು ಹುಡುಕುತ್ತಿರುತ್ತವೆ. ಕೂಡಿದ ಮೇಲೆ ಇಪ್ಪತ್ತು ಮೂವತ್ತು ಮೊಟ್ಟೆ ಹೊಟ್ಟೆಯಡಿಗೆ ಬರುತ್ತವೆ. ತಾಯಿ ಹೊಟ್ಟೆಯಡಿಯ ಪುಟ್ಟ ಕಾಲುಗಳಿಂದ ಅವಕ್ಕೆ ಬಿಡದೆ ನೀರು ಬೀಸುತ್ತಿರುತ್ತಾಳೆ. ಮೂರು ನಾಲ್ಕು ವಾರಕ್ಕೆ ಮರಿಗಳು ಹೊರಬರುತ್ತವೆ, ಆಕಾರದಲ್ಲಿ ಥೇಟ್ ದೊಡ್ಡವರ ಹಾಗೆಯೇ.

ಮಂಗಳೂರಿನ ಏಪ್ರಿಲ್, ಮೇ ತಿಂಗಳ ಸೆಕೆ ಇವಕ್ಕೆ ಕಷ್ಟ. ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಲು ಬಿಡಿ. ಎರಡು ಮೂರು ಡಿಗ್ರಿ ಇಳಿಯಬಹುದು.

ಪ್ರಶ್ನೆ: ಅಮಾನೊ ಸಿಗಡಿ ಮೊಟ್ಟೆ ಇಡುತ್ತದೆ. ಮರಿ ಒಂದೂ ಉಳಿಯುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಸಿಹಿನೀರಿನ ಟ್ಯಾಂಕಿನಲ್ಲಿ ಉಳಿಯುವುದೂ ಇಲ್ಲ. ಇವುಗಳ ಲಾರ್ವಾಗಳು, ಅಂದರೆ ಮೊಟ್ಟೆಯೊಡೆದು ಬಂದ ಎಳೆಮರಿಗಳು, ನದಿಯಲ್ಲಿ ತೇಲಿಕೊಂಡು ಸಮುದ್ರದ ಕಡೆ ಹೋಗಿ, ಉಪ್ಪು ನೀರಿನಲ್ಲಿ ಬೆಳೆದು, ಆಮೇಲೆ ಹಿಂದಿರುಗುತ್ತವೆ. ಮನೆಯಲ್ಲಿ ಉಪ್ಪು ನೀರಿನ ಬೇರೆ ಟ್ಯಾಂಕ್ ಇಟ್ಟು ಮಾಡಬಹುದು, ಆದರೆ ಶ್ರಮ ಜಾಸ್ತಿ. ಮರಿ ಮಾಡಿಸುವ ಆಸೆಯಿದ್ದರೆ ಚೆರ್ರಿಯಿಂದಲೇ ಶುರು ಮಾಡಿ.

ಪ್ರಶ್ನೆ: ರಾತ್ರಿ ಚೆನ್ನಾಗಿದ್ದ ಸಿಗಡಿಗಳೆಲ್ಲ ಬೆಳಿಗ್ಗೆ ಸತ್ತಿದ್ದವು. ಮೀನುಗಳಿಗೆ ಏನೂ ಆಗಿಲ್ಲ. ನೀರು ಬದಲಿಸಿರಲಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಓದಿ ಬೇಜಾರಾಯಿತು. ಆ ಕೋಣೆಯಲ್ಲಿ ಜಿರಳೆ, ಸೊಳ್ಳೆಗೆ ಸ್ಪ್ರೇ ಹೊಡೆದಿದ್ದಿರಾ? ಮನೆಯವರನ್ನೂ ಕೇಳಿ ನೋಡಿ. ಈ ಸ್ಪ್ರೇಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್. ಅದು ಕೀಟಗಳ ನರಕ್ಕೆ ಹೊಡೆಯುವ ವಿಷ. ಸಿಗಡಿ ಕೀಟಗಳಿಗೆ ಹತ್ತಿರದ ಸಂಬಂಧಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ, ಅದರ ಜೊತೆ ವಿಷವೂ ಬರುತ್ತದೆ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ, ಕಾಯಿಲ್, ಲಿಕ್ವಿಡ್ ಯಾವುದೂ ಬೇಡ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ.

ಸ್ಪ್ರೇ ಹೊಡೆದೇ ಇಲ್ಲ ಎಂದಾದರೆ, ಇತ್ತೀಚೆಗೆ ಹೊಸ ಗಿಡ ಹಾಕಿದ್ದಿರಾ ನೋಡಿ. ನರ್ಸರಿ ಗಿಡಗಳಲ್ಲಿ ಕೀಟನಾಶಕ ಉಳಿದಿರಬಹುದು. ಹೊಸ ಗಿಡವನ್ನು ಎರಡು ವಾರ ಬಕೆಟ್ಟಿನಲ್ಲಿಟ್ಟು ದಿನವೂ ನೀರು ಬದಲಿಸಿ. ಟ್ಯಾಂಕಿಗೆ ವಿಷವನ್ನು ಹೀರಿಕೊಳ್ಳುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಕೆಲವು ವಾರ ಕಳೆದ ಮೇಲೆ ಮೊದಲು ಎರಡು ಮೂರು ಸಿಗಡಿ ಮಾತ್ರ ಬಿಡಿ. ಅವು ಒಮ್ಮೆ ಚಿಪ್ಪು ಕಳಚಿ ಆರಾಮಾಗಿದ್ದರೆ ಉಳಿದವನ್ನು ತನ್ನಿ.